ಕಲ್ಲು ನೋಡಲು ಚಳಿಗಾಲವೇ ಸರಿ

ಪ್ರಶ್ನೆ: ಡಿಸೆಂಬರ್‌ನಲ್ಲಿ ಮಗಳನ್ನು ನೋಡಲು ಇಂಗ್ಲೆಂಡಿಗೆ ಹೋಗುತ್ತಿದ್ದೇನೆ. ಅಲ್ಲೇ ನೆಲೆಸಿರುವ ಇಬ್ಬರು ಹಳೆಯ ಗೆಳತಿಯರ ಜೊತೆ ಒಂದು ದಿನ ನೈಋತ್ಯ ಮೂಲೆಯ ಕಾರ್ನ್‌ವಾಲ್ ಸುತ್ತುವ ಆಸೆ. ಪುರಾತನ ಕಲ್ಲುಗಳನ್ನೂ ಕಡಲ ಹಳ್ಳಿಯನ್ನೂ ನೋಡಬೇಕು. ಪೆನ್‌ಜಾನ್ಸ್‌ನಲ್ಲಿ ಉಳಿಯುತ್ತೇವೆ, ಕಾರು ಇದೆ. ಚಳಿಯಲ್ಲಿ ಏನು ಕಾಣುತ್ತೆ, ಬೇಸಿಗೆಯಲ್ಲಿ ಹೋಗಿ ಅಂತಾಳೆ ಮಗಳು. ಗೆಳತಿಯೊಬ್ಬಳಿಗೆ ಮಂಡಿನೋವು ಬೇರೆ. ಹೋಗಬಹುದೇ?

ಉತ್ತರ: ಖಂಡಿತ ಹೋಗಿ. ನಾನು ಗೆಳೆಯರ ಜೊತೆ ಹೋಗಿದ್ದೂ ಡಿಸೆಂಬರ್‌ನಲ್ಲೇ. ಬೇಸಿಗೆಯಲ್ಲಿ ಅಲ್ಲಿನ ಬಯಲೆಲ್ಲ ಸೊಂಟದೆತ್ತರ ಜರಿಗಿಡ. ಚಳಿಗಾಲಕ್ಕೆ ಅದು ಒಣಗಿ ನೆಲಕ್ಕೆ ಬಿದ್ದಿರುತ್ತದೆ, ಕಲ್ಲುಗಳು ಬುಡದಿಂದ ಕಾಣುತ್ತವೆ. ಸೂರ್ಯ ಮೇಲೇರುವುದೇ ಇಲ್ಲ. ಓರೆ ಬಿಸಿಲಿಗೆ ಗ್ರಾನೈಟ್‌ನ ಒಂದೊಂದು ಕಾಳೂ ಎದ್ದು ಕಾಣುತ್ತದೆ.

ಆದರೆ ಬೆಳಕು ಎಂಟು ಗಂಟೆ ಮಾತ್ರ. ಸಂಜೆ ನಾಲ್ಕೂಕಾಲು ದಾಟಿದರೆ ಸೂರ್ಯ ಮುಳುಗುತ್ತಾನೆ. ಹಾಗಾಗಿ ಕಲ್ಲುಗಳು ಮೊದಲು, ಹಳ್ಳಿ ಕೊನೆಗೆ.

ಬೆಳಿಗ್ಗೆ ಮ್ಯಾಡ್ರನ್ ಹಳ್ಳಿ ದಾಟಿ ಲಾನ್ಯನ್ ಕ್ವಾಯಿಟ್‌ಗೆ ಹೋಗಿ. ನಿಂತ ಕಲ್ಲುಗಳ ಮೇಲೆ ದೊಡ್ಡ ಚಪ್ಪಡಿ ಹೊದಿಸಿದ ಪುರಾತನ ರಚನೆ ಅದು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನ ಕಲ್ಲುಮನೆಗಳನ್ನು ನೋಡಿದ್ದರೆ ಇದು ನಿಮಗೆ ತಕ್ಷಣ ಪರಿಚಿತ ಅನಿಸುತ್ತದೆ. ಒಂದು ಕಾಲಕ್ಕೆ ಕುದುರೆ ಸವಾರ ಅದರಡಿ ಹಾದು ಹೋಗಬಹುದಿತ್ತಂತೆ. 1815ರ ಬಿರುಗಾಳಿಗೆ ಬಿತ್ತು. 1824ರಲ್ಲಿ ಮತ್ತೆ ಎತ್ತಿ ನಿಲ್ಲಿಸಿದರು. ಈಗ ಚಪ್ಪಡಿ ಹೊತ್ತಿರುವ ಕಲ್ಲುಗಳು ಮೂರೇ, ಎತ್ತರವೂ ಕಡಿಮೆ. ಆದರೂ ಹನ್ನೆರಡು ಟನ್ನಿಗೂ ಜಾಸ್ತಿ ತೂಕದ ಆ ಚಪ್ಪಡಿಯ ಕೆಳಗೆ ನಿಂತು ಮೇಲೆ ನೋಡಿ. ಎದೆ ಝಲ್ ಅನ್ನುತ್ತದೆ.

ಅದೇ ರಸ್ತೆಯಲ್ಲಿ ಮುಂದೆ ಮೆನ್-ಆನ್-ಟಾಲ್. ನಡುವೆ ತೂತಿರುವ ದುಂಡು ಕಲ್ಲು, ಅದರ ಆಚೆ ಈಚೆ ನಿಂತ ಕಲ್ಲುಗಳು. ತೂತು ಅರ್ಧ ಮೀಟರ್ ಅಗಲ. ಮೂಳೆ ಸೊಟ್ಟಗಾಗುವ ಕಾಯಿಲೆಯ ಮಕ್ಕಳನ್ನು ಅದರಲ್ಲಿ ತೂರಿಸಿದರೆ ವಾಸಿಯಾಗುತ್ತದೆಂದು ಊರವರು ನಂಬಿದ್ದರು. ನಮ್ಮಲ್ಲಿ ಇಬ್ಬರು ತೂರಿದರು. ಒಳಅಂಚು ಕೈಗೆ ನುಣುಪಾಗಿ ಸಿಗುತ್ತದೆ. ಎಷ್ಟು ಜನರ ಬೆನ್ನು ಅಲ್ಲಿ ಉಜ್ಜಿಹೋಗಿದೆಯೋ! ದಾರಿ ಮಾತ್ರ ಕೆಸರು. ಗಂಬೂಟು ಬೇಕೇ ಬೇಕು.

ಮಧ್ಯಾಹ್ನ ದಕ್ಷಿಣಕ್ಕೆ ಬಂದು ಮೆರ್ರಿ ಮೇಡನ್ಸ್ ನೋಡಿ. ಹುಲ್ಲುಗಾವಲಲ್ಲಿ ಹತ್ತೊಂಬತ್ತು ಕಲ್ಲುಗಳ ಚೊಕ್ಕ ವೃತ್ತ. ಭಾನುವಾರ ಕುಣಿದಿದ್ದಕ್ಕೆ ಹುಡುಗಿಯರು ಕಲ್ಲಾದರು ಅನ್ನುವ ಕಥೆ. ವಾದ್ಯದವರೂ ಕಲ್ಲಾದರಂತೆ, ಆ ಎರಡು ಎತ್ತರದ ಕಲ್ಲು ಹತ್ತಿರದ ಹೊಲಗಳಲ್ಲಿವೆ. ಇಲ್ಲಿ ಫೋಟೋ ಬೇಗ ಮುಗಿಸಿ, ಸುಮ್ನೆ ಒಂದು ಸುತ್ತು ನಡೆಯಿರಿ.

ಕತ್ತಲಾಗುವಾಗ ಮೌಝಲ್ ಸೇರಿಕೊಳ್ಳಿ. ಪುಟ್ಟ ಮೀನುಗಾರರ ಹಳ್ಳಿ. ಚಳಿಗಾಲದ ಅಲೆ ತಡೆಯಲು ಬಂದರಿನ ಬಾಯಿಗೆ ದಪ್ಪ ಮರದ ತೊಲೆಗಳನ್ನು ಅಡ್ಡ ಇಳಿಸಿರುತ್ತಾರೆ. ಅದನ್ನು ಹತ್ತಿರದಿಂದ ನೋಡಿ. ಡಿಸೆಂಬರ್ ಮಧ್ಯದಿಂದ ಬಂದರಿನ ತುಂಬ ಕ್ರಿಸ್‌ಮಸ್ ದೀಪ. ನೀವು ಹೋಗುವುದು 19ನೇ ತಾರೀಕಾದರೆ, ರಾತ್ರಿ ಎಂಟರಿಂದ ಒಂಬತ್ತರವರೆಗೆ ದೀಪಗಳನ್ನು ಆರಿಸಿರುತ್ತಾರೆ. 1981ರ ಅದೇ ರಾತ್ರಿ, ಬಿರುಗಾಳಿಗೆ ಸಿಕ್ಕ ಹಡಗಿನವರನ್ನು ಉಳಿಸಲು ಇಲ್ಲಿನ ಎಂಟು ಜನ ರಕ್ಷಣಾ ದೋಣಿಯಲ್ಲಿ ಹೋದರು. ಯಾರೂ ಮರಳಲಿಲ್ಲ. ಹಡಗಿನಲ್ಲಿದ್ದ ಎಂಟು ಜನರೂ ಉಳಿಯಲಿಲ್ಲ. ಆ ಹೊತ್ತಲ್ಲಿ ಅಲ್ಲಿದ್ದರೆ ಮಾತು ತಗ್ಗಿಸಿ.

ಇನ್ನು ಮಂಡಿನೋವಿನ ಗೆಳತಿ. ಲಾನ್ಯನ್ ಕ್ವಾಯಿಟ್ ರಸ್ತೆ ಪಕ್ಕದಲ್ಲೇ ಇದೆ. ಬೇಲಿಯ ಕಲ್ಲುಮೆಟ್ಟಿಲು ದಾಟುವಾಗ ಕೈ ಕೊಡಿ, ಸಾಕು. ಮೆರ್ರಿ ಮೇಡನ್ಸ್‌ಗೂ ಜಾಸ್ತಿ ನಡಿಗೆ ಇಲ್ಲ. ಮೆನ್-ಆನ್-ಟಾಲ್‌ಗೆ ಮಾತ್ರ ಹೋಗಿ ಬರಲು ಎರಡು ಕಿಲೋಮೀಟರಿಗೂ ಹೆಚ್ಚು, ಅದೂ ಉಬ್ಬುತಗ್ಗಿನ ದಾರಿ. ಅಷ್ಟು ಹೊತ್ತು ಅವರು ಕಾರಲ್ಲಿ ಕೂರಲಿ, ಒಬ್ಬರು ಜೊತೆಗಿರಿ. ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡೇ ಹೊರಡಿ, ಆ ಬಯಲಲ್ಲಿ ಅಂಗಡಿ ಸಿಗುವುದಿಲ್ಲ.