ಶ್ವಾಸಕೋಶದಲ್ಲಿ 7 ಮಿ.ಮೀ. ಗಂಟು: ಗಾಬರಿಯೂ ಬೇಡ, ಗುಳಿಗೆಯೂ ಬೇಡ

ಪ್ರಶ್ನೆ: ತಂದೆಗೆ 61 ವರ್ಷ. ಗ್ರಾನೈಟ್ ಕ್ವಾರಿಯಲ್ಲಿ ಬಹಳ ವರ್ಷ ದುಡಿದವರು, ಬೀಡಿ ಸೇದುತ್ತಾರೆ. ಬಿದ್ದು ಎದೆಗೆ ಪೆಟ್ಟಾಗಿ ಸಿ.ಟಿ. ಮಾಡಿಸಿದಾಗ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ 7 ಮಿ.ಮೀ.ನ ಒಂದು ಗಟ್ಟಿ ಗಂಟು ಕಂಡಿದೆ. ಕೆಮ್ಮು, ಜ್ವರ ಇಲ್ಲ. ಕ್ಯಾನ್ಸರ್ ಇರಬಹುದೇ? ಟಿ.ಬಿ. ಗುಳಿಗೆ ಶುರು ಮಾಡಿ ಎಂದು ಕೆಲವರು ಹೇಳುತ್ತಾರೆ.
– ಓದುಗರು, ಇಳಕಲ್

ಉತ್ತರ: ಇಷ್ಟು ಸಣ್ಣ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ನಮ್ಮ ಕಡೆ ಎಂದೋ ಬಂದು ಮಾಗಿದ ಟಿ.ಬಿ.ಯ ಕಲೆಯೇ ಎಷ್ಟೋ ಸಲ ಹೀಗೆ ಕಾಣುತ್ತದೆ. ಗಂಟಿನ ನಟ್ಟನಡುವೆ ಅಥವಾ ಪೂರ್ತಿ ಸುಣ್ಣ ಕಟ್ಟಿದ್ದರೆ ಬಹುತೇಕ ನಿಶ್ಚಿಂತೆ. ಅಂಚು ಮುಳ್ಳುಮುಳ್ಳಾಗಿದ್ದರೆ ಅನುಮಾನ ಹೆಚ್ಚು. ರಿಪೋರ್ಟಿನಲ್ಲಿ ಇವೆರಡೂ ಬರೆದಿಲ್ಲವಾದರೆ ಕೇಳಿ ಬರೆಸಿಕೊಳ್ಳಿ.

ಕಲ್ಲಿನ ದೂಳಿನಿಂದಲೂ ಗಂಟಾಗುತ್ತದೆ. ಆದರೆ ಸಿಲಿಕೋಸಿಸ್‌ನ (ಕಲ್ಲಿನ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಗಂಟುಗಳು ಸಾಮಾನ್ಯವಾಗಿ ಎರಡೂ ಕಡೆ, ಹಲವಾರು ಇರುತ್ತವೆ. ಒಂಟಿ ಗಂಟನ್ನು 'ದೂಳಿನದೇ ಬಿಡಿ' ಎಂದು ತಳ್ಳಿಹಾಕುವುದು ತಪ್ಪು. ಕಲ್ಲಿನಲ್ಲಿರುವ ಸಿಲಿಕಾದ ದೂಳು ಟಿ.ಬಿ.ಗೂ ದಾರಿ, ಶ್ವಾಸಕೋಶದ ಕ್ಯಾನ್ಸರಿಗೂ ದಾರಿ. ಜೊತೆಗೆ ಬೀಡಿ, ಗಂಟಿರುವುದು ಮೇಲ್ಭಾಗದಲ್ಲಿ – ಇವೆರಡೂ ಕ್ಯಾನ್ಸರಿನ ಅನುಮಾನ ಹೆಚ್ಚಿಸುವಂಥವು. ಹಾಗಾಗಿ ತಂದೆಯವರ ವಿಷಯದಲ್ಲಿ ಮರುತಪಾಸಣೆ ತಪ್ಪಿಸುವಂತಿಲ್ಲ.

ಮೊದಲು ಹಳೆಯ ಸಿ.ಟಿ. ಇದ್ದರೆ ಹುಡುಕಿ, ರಿಪೋರ್ಟ್ ಸಾಲದು, ಸಿ.ಡಿ. ಬೇಕು. ಗಟ್ಟಿ ಗಂಟು ಎರಡು ವರ್ಷ ಬೆಳೆಯದೆ ಇದ್ದರೆ ಸಾಮಾನ್ಯವಾಗಿ ನಿರುಪದ್ರವಿ. ಹಳೆಯದು ಸಿಗದಿದ್ದರೆ 6ರಿಂದ 12 ತಿಂಗಳೊಳಗೆ ಮತ್ತೊಂದು ಸಿ.ಟಿ., ಆಮೇಲೆ ಮೊದಲ ಸಿ.ಟಿ.ಯಿಂದ 18–24 ತಿಂಗಳಿಗೆ ಇನ್ನೊಂದು. ಕಾಂಟ್ರಾಸ್ಟ್ ಇಂಜೆಕ್ಷನ್ ಬೇಡ, ಕಡಿಮೆ ವಿಕಿರಣದ ಸ್ಕ್ಯಾನ್ ಸಾಕು, ಸ್ಲೈಸ್ (ಚಿತ್ರದ ಒಂದೊಂದು ಪದರದ ದಪ್ಪ) 1.5 ಮಿ.ಮೀ. ಮೀರಬಾರದು. 7 ಇದ್ದದ್ದು 8 ಆಗಿದೆ ಎಂದರೆ ಅಳತೆಯ ವ್ಯತ್ಯಾಸವೂ ಇರಬಹುದು, 2 ಮಿ.ಮೀ. ಹೆಚ್ಚಾದರೆ ಬೆಳೆದಂತೆ. ಮೊದಲೇ ಬೇರೆ ಕ್ಯಾನ್ಸರ್ ಆಗಿದ್ದವರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಈ ಲೆಕ್ಕ ಅನ್ವಯಿಸದು.

ಪೆಟ್ ಸ್ಕ್ಯಾನಿಗೆ (ಚುರುಕಾದ ಗಂಟು ಹೊಳೆದು ಕಾಣುವ ಸ್ಕ್ಯಾನ್) ಈಗಲೇ ದುಡ್ಡು ಸುರಿಯಬೇಡಿ. 8 ಮಿ.ಮೀ.ಗಿಂತ ಸಣ್ಣ ಗಂಟು ಅದರಲ್ಲಿ ಸರಿಯಾಗಿ ತಿಳಿಯುವುದಿಲ್ಲ, ಟಿ.ಬಿ. ಗಂಟೂ ಕ್ಯಾನ್ಸರಿನಂತೆಯೇ ಹೊಳೆಯುತ್ತದೆ.

ಗಂಟು ಕಂಡಿದ್ದಷ್ಟಕ್ಕೇ ಟಿ.ಬಿ. ಗುಳಿಗೆ ಬೇಡವೇ ಬೇಡ. ಲಿವರಿಗೆ ತೊಂದರೆಯಾಗಬಹುದು, ಗಂಟು ಬೇರೇನಾದರೂ ಆಗಿದ್ದರೆ ಆರು ತಿಂಗಳು ವ್ಯರ್ಥ. ಕಫ ಬಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಬಿನ್ಯಾಟ್ ಪರೀಕ್ಷೆ (ಕಫದಲ್ಲಿ ಟಿ.ಬಿ. ರೋಗಾಣು ಪತ್ತೆಹಚ್ಚುವ ಪರೀಕ್ಷೆ) ಉಚಿತವಾಗಿ ಮಾಡಿಸಿ. ಮುಂದೆ ಗಂಟು ಬೆಳೆದು ಸೂಜಿ ಹಾಕಿ ಚೂರು ತೆಗೆಯುವ ಪ್ರಸಂಗ ಬಂದರೆ, ಒಂದು ಭಾಗವನ್ನು ಫಾರ್ಮಲಿನ್‌ನಲ್ಲಿ (ಚೂರು ಕೆಡದಂತೆ ಇಡುವ ದ್ರಾವಣ), ಇನ್ನೊಂದನ್ನು ಸಲೈನ್‌ನಲ್ಲಿ ಕಳಿಸಲು ಮೊದಲೇ ಹೇಳಿ. ಫಾರ್ಮಲಿನ್‌ನಲ್ಲಿ ರೋಗಾಣು ಸಾಯುವುದರಿಂದ ಟಿ.ಬಿ. ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಆಗುವುದಿಲ್ಲ.

ಕಫದಲ್ಲಿ ರಕ್ತ, ತೂಕ ಇಳಿಕೆ, ದನಿ ಒಡೆಯುವುದು, ಸಂಜೆ ಜ್ವರ – ಇವುಗಳಲ್ಲಿ ಒಂದು ಕಂಡರೂ ತಾರೀಖಿಗೆ ಕಾಯದೆ ಎದೆರೋಗ ತಜ್ಞರಿಗೆ ತೋರಿಸಿ. ಬೀಡಿ ಮಾತ್ರ ಇಂದೇ ಬಿಡಿಸಿ.