ಬ್ಯಾಳಿ ಹೊತ್ತಿದ್ದು ಖರೆ, ಆದ್ರ ಅಕ್ಕಾ...

ಬೀದರ ಜಿಲ್ಲಾದ ಅಕ್ಕಾವರಿಗೆ ಕರ್ತನ ನಾಮದಾಗ ವಂದನೆಗಳು. ಹೆಸರು ಹಾಕಬ್ಯಾಡ್ರಿ ಅಂದೀರಿ, ಹಾಕಿಲ್ಲ. ಉಳಿದ ಓದುಗರಿಗೆ ಗೊತ್ತಾಗ್ಲಿ ಅಂತ ಪತ್ರದ ವಿಷಯ ಇಷ್ಟು ಹೇಳ್ತೀನಿ. ಆದಿತ್ಯವಾರ ಆರಾಧನೆ ಮುಗಿದ ಮ್ಯಾಲ ಪ್ರೀತಿಭೋಜನ ಇತ್ತು, ಸೊಸಿ ಮಾಡಿದ ತೊಗರಿಬ್ಯಾಳಿ ತಳ ಹೊತ್ತಿತ್ತು, ಅಕ್ಕಾವರು ಬೇವಿನ ಗಿಡದ ಕೆಳಗ ನಾಲ್ಕು ಮಂದಿ ಹೆಣ್ಮಕ್ಕಳ ಮುಂದ "ನಿಮ್ಮವ್ವ ನಿನಗ ಏನೂ ಕಲಿಸಿಲ್ಲ" ಅಂದ್ರು, ಮೂರು ವಾರ ಆತು, ಸೊಸಿ "ಹ್ಞೂಂ" ಅನ್ನೋದು ಬಿಟ್ಟು ಬ್ಯಾರೆ ಮಾತೇ ಆಡವಲ್ಲಳು. "ನಾ ಖರೆನೇ ಹೇಳೀನಿ, ಖರೆ ಹೇಳೋದು ಪಾಪ ಏನು?" ಅಂತ ಕೇಳ್ಲತ್ತಾರ.

ಅಕ್ಕಾ, ಬ್ಯಾಳಿ ಹೊತ್ತಿದ್ದು ಖರೆ. ಆದ್ರ ನೀವು ಬ್ಯಾಳಿ ಬಗ್ಗೆ ಎಲ್ಲಿ ಮಾತಾಡೀರಿ? ಬೋಗೋಣಿ ತಳದಾಗಿನ ಮಾತು ಅಕಿ ತವರುಮನಿ ತನಕ ಹ್ಯಾಂಗ ಹೋತು? ಅಕಿ ತಾಯಿ ಏನು ಕಲಿಸ್ಯಾಳ, ಏನು ಬಿಟ್ಟಾಳ, ಅದು ನಿಮಗ ಗೊತ್ತಿಲ್ಲ. ಖರೆ ಇದ್ದದ್ದು ಒಂದೇ ಮಾತು, ಸೊಸಿಗೆ ಚುಚ್ಚಿದ್ದು ಮ್ಯಾಲ ಸೇರ್ಸಿದ ಮಾತು. ಬೈಬಲ್‌ನಾಗ ಪೌಲ ಎಫೆಸದವರಿಗೆ ಬರೆದ ಪತ್ರದ 4:29ರಾಗ ಕೆಟ್ಟ ಮಾತು ಬಾಯಿಂದ ಬರಬಾರದು ಅಂತ ಅಷ್ಟಕ್ಕೇ ಬಿಡಂಗಿಲ್ಲ, ಕೇಳೋರಿಗೆ ಹಿತ ಆಗೋ, ಆ ಹೊತ್ತಿಗೆ ಬೇಕಾದ ಮಾತೇ ಬರ್ಲಿ ಅಂತಾನ. ಅದೇ ಅಧ್ಯಾಯದ 15ನೇ ವಚನದಾಗ ಸತ್ಯದ ಜೋಡಿ ಪ್ರೀತಿನೂ ಅದ, ಬರೇ ಸತ್ಯ ಅಲ್ಲ.

ನಿಮ್ಮೂರಾಗ ಬಿದ್ರಿ ಕೆಲಸ ಮಾಡೋರ ಹತ್ರ ಕುಂತು ನೋಡೀರೇನು? ಜಸ್ತ, ತಾಮ್ರದ ಎರಕದ ಮ್ಯಾಲ ಸಣ್ಣ ಉಳಿಲೆ ಗೀರು ಕೊರೀತಾರ, ಆ ಗೀರಿಗೆ ಹೊಂದೋ ಬೆಳ್ಳಿ ತಂತಿ ಇಟ್ಟು ಹಗೂರ ಬಡೀತಾರ, ತಂತಿ ದಪ್ಪ ಆದ್ರ ಕೂಡಂಗಿಲ್ಲ. ಆಮ್ಯಾಲ ಬೀದರ ಕಿಲ್ಲಾದ ಮಣ್ಣು, ನವಸಾಗರ ಅನ್ನೋ ಉಪ್ಪು ಕೂಡಿಸಿ ಹಚ್ಚಿದ್ರ ಎರಕ ಕರ್ರಗ ಆಗ್ತದ, ಬೆಳ್ಳಿ ಹಂಗೇ ಹೊಳೀತದ. ಜ್ಞಾನೋಕ್ತಿ 25:11ರಾಗ ಸಮಯಕ್ಕ ತಕ್ಕ ಮಾತು ಬೆಳ್ಳಿಯೊಳಗ ಕೂಡ್ಸಿದ ಬಂಗಾರದ ಹಣ್ಣಿನಂಗ ಅಂತ ಅದಲ್ಲ, ಅದನ್ನ ಓದಿದಾಗೆಲ್ಲ ನನಗ ಆ ಉಳಿ ಹಿಡಿದ ಕೈನೇ ಕಣ್ಮುಂದ ಬರ್ತದ.

ನಾನೂ ಹಿಂಗ ಮಾಡೀನಿ. ಒಮ್ಮೆ ಪ್ರೆಸ್ಸಿನಾಗ ಪುಟ ಕಟ್ಟೋ ಹುಡುಗ ಒಂದು ಹೆಸರು ತಪ್ಪು ಹೊಡೆದಿದ್ದ, "ಈ ಕೆಲಸ ನಿನ್ನ ಕೈಲೆ ಆಗಂಗಿಲ್ಲ" ಅಂದುಬಿಟ್ಟೆ. ಮೌಸ್ ಮ್ಯಾಲಿನ ಅವನ ಕೈ ಹಂಗೇ ನಿಂತಿತು, ತಿರುಗಿ ನೋಡ್ಲಿಲ್ಲ, ಕಿವಿ ಕೆಂಪಾಗಿದ್ವು. ಅವತ್ತು ಮುಂಜಾನಿ ಅದೇ ಬಾಯಿಲೆ ನಾ ಕೀರ್ತನೆ ಹಾಡಿದ್ದೆ. ಯಾಕೋಬ 3:9-10 ಹೇಳೋದು ಇದನ್ನೇ, ದೇವರನ್ನ ಕೊಂಡಾಡೋ ನಾಲಿಗಿಲೆನೇ ಆತನ ಹೋಲಿಕೆಗೆ ಹುಟ್ಟಿದ ಮನುಷ್ಯಾನ್ನ ಶಪಿಸ್ತೀವಿ. ಈಗ ಫೋನ್ ಎತ್ತೋಕಿಂತ ಮೊದ್ಲ ಕೀರ್ತನೆ 141:3 ಮನಸಿನಾಗ ಅಂತೀನಿ, ಕರ್ತನೇ ನನ್ನ ಬಾಯಿಗೆ ಕಾವಲು ಇಡು ಅಂತ.

ಸೊಸಿಗೆ ವಾಟ್ಸಾಪ್‌ನಾಗ ಸಾರಿ ಹಾಕಬ್ಯಾಡ್ರಿ ಅಕ್ಕಾ, ಬಾಜು ಕುಂದ್ರಿ, "ನಂದು ತಪ್ಪಾತವ್ವಾ" ಅನ್ರಿ, ಅದರ ಹಿಂದ "ಆದ್ರ" ಅನ್ನೋದು ಬ್ಯಾಡ. ಅಕಿ ತಕ್ಷಣ ಮಾತಾಡ್ಲಿಕ್ಕಿಲ್ಲ, ತಾಳ್ರಿ. ಮತ್ತ ಆ ಮಾತು ನಾಲ್ಕು ಮಂದಿ ಕೇಳ್ಯಾರ, ಮುಂದಿನ ಆದಿತ್ಯವಾರ ಅವರು ಅದೇ ಬೇವಿನ ಗಿಡದ ಕೆಳಗ ಇರ್ತಾರ, ಅವರ ಮುಂದನೂ ಅನ್ರಿ.