ಪಾರ್ಶ್ವವಾಯುವಿನಿಂದ ಮೆದುಳನ್ನು ಉಳಿಸುವ, ದುರಸ್ತಿ ಮಾಡುವ ಔಷಧಗಳು ಇಲಿಗಳಲ್ಲಿ ಗೆದ್ದು ಮನುಷ್ಯರಲ್ಲಿ ಸೋಲುವುದೇಕೆ?

ಪಾರ್ಶ್ವವಾಯುವಿಗೆ ಹೊಸ ಔಷಧ ಸಿಕ್ಕಿತೆಂಬ ಸುದ್ದಿ ಮೇಲಿಂದ ಮೇಲೆ ಬರುತ್ತಿದ್ದರೂ ಅದು ಆಸ್ಪತ್ರೆಗೆ ಬಾರದಿರುವುದೇಕೆ, ಮತ್ತು ಲಕ್ವ ಹೊಡೆದು ತಿಂಗಳುಗಳಾದ ಮೇಲೆ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಚಿಕಿತ್ಸೆಯಿಂದ ಪ್ರಯೋಜನವಿದೆಯೇ ಎಂದು ನೀವು ಕೇಳಿದ್ದೀರಿ. ಈ ಕ್ಷೇತ್ರದ ಪ್ರಯೋಗ ವರದಿಗಳನ್ನು ಬಹುಕಾಲದಿಂದ ಓದುತ್ತಾ ಬಂದಿರುವವನಾಗಿ ಉತ್ತರಿಸುತ್ತಿದ್ದೇನೆ. ಮೆದುಳನ್ನು ಉಳಿಸುವುದು ಮೊದಲ ಕೆಲವು ಗಂಟೆಗಳ ಕೆಲಸ. ದುರಸ್ತಿ ಮಾಡುವುದು ವಾರಗಳ, ತಿಂಗಳುಗಳ ಕೆಲಸ. ಇವೆರಡೂ ಬೇರೆ ಬೇರೆ ಮಾತ್ರವಲ್ಲ, ಕೆಲವೊಮ್ಮೆ ಒಂದಕ್ಕೊಂದು ವಿರುದ್ಧವೂ ಹೌದು. ಇಲ್ಲಿ ರಕ್ತನಾಳ ಮುಚ್ಚಿ ಆಗುವ ಪಾರ್ಶ್ವವಾಯುವಿನ ಬಗ್ಗೆ ಮಾತ್ರ ಬರೆಯುತ್ತೇನೆ. ರಕ್ತಸ್ರಾವದಿಂದ ಆಗುವುದರ ಲೆಕ್ಕವೇ ಬೇರೆ.

ರಕ್ತನಾಳ ಮುಚ್ಚಿದಾಗ ನಡುವಿನ ಭಾಗ ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ. ಅದರ ಸುತ್ತಲೂ ಅಲ್ಪಸ್ವಲ್ಪ ರಕ್ತ ಪಡೆಯುತ್ತಾ, ಕೆಲಸ ನಿಲ್ಲಿಸಿದ್ದರೂ ಜೀವ ಹಿಡಿದುಕೊಂಡಿರುವ ಒಂದು ವಲಯ ಉಳಿಯುತ್ತದೆ; ಇದನ್ನು ಪೆನಂಬ್ರಾ ಎನ್ನುತ್ತಾರೆ. ದೊಡ್ಡ ರಕ್ತನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂಬ 2006ರ ಅಂದಾಜು ಬಹುಪಾಲು ಈ ವಲಯದ ನಷ್ಟವನ್ನೇ ಹೇಳುತ್ತದೆ. ಶಕ್ತಿ ಇಲ್ಲದ ಕೋಶಗಳಿಂದ, ನರಕೋಶಗಳ ನಡುವೆ ಸಂದೇಶ ಒಯ್ಯುವ ಗ್ಲುಟಮೇಟ್ ಎಂಬ ರಾಸಾಯನಿಕ ಹೊರಚೆಲ್ಲುತ್ತದೆ, ಅದು ಪಕ್ಕದ ಕೋಶಗಳ ಗ್ರಾಹಕಗಳನ್ನು ತೆರೆದು ಒಳಕ್ಕೆ ಕ್ಯಾಲ್ಸಿಯಂ ನುಗ್ಗುವಂತೆ ಮಾಡುತ್ತದೆ, ಆ ಕ್ಯಾಲ್ಸಿಯಂ ಕೋಶವನ್ನು ಒಳಗಿನಿಂದಲೇ ಕೆಡಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. ಈ ಸರಪಳಿಯ ಯಾವ ಕೊಂಡಿಯನ್ನು ಬೇಕಾದರೂ ತುಂಡರಿಸಬಹುದು ಎಂಬ ನಂಬಿಕೆಯಿಂದ ಸಂಶೋಧಕರು ಪರೀಕ್ಷಿಸಿದ ಚಿಕಿತ್ಸೆಗಳನ್ನು 2006ರಲ್ಲಿ ಒಂದೆಡೆ ಸೇರಿಸಿ ಎಣಿಸಿದಾಗ 1,026 ಆದವು. ಅವುಗಳಲ್ಲಿ ಮನುಷ್ಯರ ಮೇಲೆ ಪ್ರಯೋಗವಾದವು 114. ಪ್ರಾಣಿಗಳಲ್ಲಿ ಇವು ಉಳಿದವುಗಳಿಗಿಂತ ಹೆಚ್ಚು ಪರಿಣಾಮಕಾರಿಯಾಗಿಯೇನೂ ಇರಲಿಲ್ಲ. ಆ ವರದಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಈ ಎರಡನೆಯ ಮಾತು: ಆಯ್ಕೆಯೇ ಗುಣಮಟ್ಟವನ್ನು ನೋಡಿ ನಡೆದಿರಲಿಲ್ಲ.

ಸೋಲಿಗೆ ಕಾರಣಗಳು ಹಲವು. ಪ್ರಯೋಗಾಲಯದ ಇಲಿ ಸಾಮಾನ್ಯವಾಗಿ ಎಳೆಯದು, ಆರೋಗ್ಯವಂತ, ಗಂಡು. ಔಷಧವನ್ನು ರಕ್ತನಾಳ ಮುಚ್ಚಿದ ಕೆಲವೇ ನಿಮಿಷಗಳಲ್ಲಿ, ಎಷ್ಟೋ ಸಲ ಮುಚ್ಚುವ ಮೊದಲೇ ಕೊಡಲಾಗುತ್ತಿತ್ತು. ರೋಗಿಯಾದರೋ ವಯಸ್ಸಾದವರು, ರಕ್ತದೊತ್ತಡ, ಮಧುಮೇಹ ಇರುವವರು, ಗಂಟೆಗಳ ನಂತರ ಆಸ್ಪತ್ರೆ ಸೇರುವವರು. ಇಲಿಗಳು ಹಗಲಿನಲ್ಲಿ ಮಲಗುವ ಪ್ರಾಣಿಗಳಾದ್ದರಿಂದ ಸಂಶೋಧಕರ ಹಗಲಿನ ಪ್ರಯೋಗಗಳು ವಾಸ್ತವದಲ್ಲಿ ವಿಶ್ರಾಂತಿಯ ಹೊತ್ತಿನಲ್ಲಿರುವ ಮೆದುಳಿನ ಮೇಲೆ ನಡೆಯುತ್ತಿದ್ದವು. ಆ ಹೊತ್ತಿನಲ್ಲಿ ಫಲ ನೀಡಿದ ಮೂರು ವಿಧಾನಗಳು ಪ್ರಾಣಿಗಳು ಚಟುವಟಿಕೆಯಿಂದಿರುವ ಹೊತ್ತಿನಲ್ಲಿ ಫಲ ನೀಡಲಿಲ್ಲವೆಂದು 2020ರಲ್ಲಿ ಪ್ರಕಟವಾಯಿತು. ಗಡಿಯಾರವನ್ನು ನೋಡಲು ಇಷ್ಟು ವರ್ಷ ಯಾರಿಗೂ ತೋಚಲಿಲ್ಲವೆಂಬುದು ಸ್ವಲ್ಪ ನಗೆ ತರಿಸುವ ಸಂಗತಿಯೇ.

ಆದರೂ ನನ್ನ ದೃಷ್ಟಿಯಲ್ಲಿ ಮುಖ್ಯ ಕಾರಣ ಇನ್ನೂ ಸರಳವಾದುದು. ಇಲಿಗಳಲ್ಲಿ ಬಹಳಷ್ಟು ಸಲ ರಕ್ತನಾಳವನ್ನು ಮತ್ತೆ ತೆರೆಯಲಾಗುತ್ತಿತ್ತು, ರೋಗಿಗಳಲ್ಲಿ ಅದು ಮುಚ್ಚಿಕೊಂಡೇ ಇರುತ್ತಿತ್ತು. ಕಾಲುವೆಯೇ ಕಟ್ಟಿಕೊಂಡಿರುವಾಗ ನೀರಿಗೆ ಬೆರೆಸಿದ ಗೊಬ್ಬರ ಗದ್ದೆಗೆ ಮುಟ್ಟುವುದಿಲ್ಲ. 2015ರ ಒಂದು ಪ್ರಯೋಗದಲ್ಲಿ 1,700 ರೋಗಿಗಳಿಗೆ ಲಕ್ಷಣ ಕಾಣಿಸಿಕೊಂಡ ಎರಡು ಗಂಟೆಗಳೊಳಗೆ, ಆಂಬುಲೆನ್ಸ್ ಸಿಬ್ಬಂದಿಯೇ ಮೆದುಳನ್ನು ಉಳಿಸುವ ಔಷಧವಾಗಿ ಮೆಗ್ನೀಸಿಯಂ ಸಲ್ಫೇಟ್ ಕೊಡಲಾರಂಭಿಸಿದರೂ ಫಲಿತಾಂಶ ಬದಲಾಗಲಿಲ್ಲ. ಅದೇ ವರ್ಷ, ಕ್ಯಾತಿಟರ್ ಎಂಬ ತೆಳು ಕೊಳವೆಯನ್ನು ರಕ್ತನಾಳಕ್ಕೆ ತೂರಿಸಿ ಹೆಪ್ಪನ್ನು ಹೊರತೆಗೆಯುವ ಥ್ರಾಂಬೆಕ್ಟಮಿಯ ಪ್ರಯೋಜನವನ್ನು ಐದು ಪ್ರಯೋಗಗಳು ದೃಢಪಡಿಸಿದವು. 2018ರಲ್ಲಿ ಆಯ್ದ ರೋಗಿಗಳಿಗೆ ಅದರ ಅವಧಿ 24 ಗಂಟೆಗಳವರೆಗೆ ವಿಸ್ತರಿಸಿತು. ಹೀಗೆ ರಕ್ತನಾಳ ತೆರೆದ ಮೇಲೆ ಹಳೆಯ ಔಷಧಗಳನ್ನು ಮತ್ತೆ ಪರೀಕ್ಷಿಸಬಹುದೆಂಬ ಆಸೆ ಚಿಗುರಿತು.

ಆ ಆಸೆಯ ಮೊದಲ ಪರೀಕ್ಷೆ, ನರಕೋಶಗಳನ್ನು ಉಳಿಸಲೆಂದು ರೂಪಿಸಿದ ನೆರಿನೆಟೈಡ್ ಎಂಬ ಪೆಪ್ಟೈಡ್ (ಪ್ರೋಟೀನಿನಂಥ ಚಿಕ್ಕ ಅಣು). 2020ರಲ್ಲಿ ಪ್ರಕಟವಾದ 1,105 ರೋಗಿಗಳ ಪ್ರಯೋಗದಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲವಾದರೂ, ಹೆಪ್ಪು ಕರಗಿಸುವ ಆಲ್ಟಿಪ್ಲೇಸ್ ಪಡೆಯದವರಲ್ಲಿ ಲಾಭದ ಸುಳಿವಿತ್ತು. ಆಲ್ಟಿಪ್ಲೇಸ್‌ನಿಂದ ಹುಟ್ಟುವ ಪ್ಲಾಸ್ಮಿನ್ ಎಂಬ ಕಿಣ್ವ ಈ ಪೆಪ್ಟೈಡನ್ನೂ ಕತ್ತರಿಸಿಹಾಕುವುದರಿಂದ ಆ ವಿವರಣೆ ನಂಬುವಂತಿತ್ತು. ಆದರೆ ಆಲ್ಟಿಪ್ಲೇಸ್ ಪಡೆಯದವರನ್ನೇ ಆಯ್ದು ನಡೆಸಿದ ಮುಂದಿನ ಪ್ರಯೋಗವೂ ಲಾಭ ತೋರಿಸಲಿಲ್ಲ. ಹೀಗಾಗಿ, ಒಂದು ಪ್ರಯೋಗದೊಳಗಿನ ಉಪಗುಂಪಿನಲ್ಲಿ ಕಂಡ ಲಾಭವನ್ನು ಸುದ್ದಿಯಾಗಿ ಓದಿದಾಗ ಮುಂದಿನ ಪ್ರಯೋಗ ಮುಗಿಯುವವರೆಗೆ ನಾನು ಅದಕ್ಕೆ ಬೆಲೆ ಕೊಡುವುದಿಲ್ಲ.

ಇನ್ನು ದುರಸ್ತಿ. ಮೊದಲ ದಿನ ಕೊಲ್ಲುವ ಅದೇ ಗ್ಲುಟಮೇಟ್, ಮುಂದೆ ಉಳಿದ ನರಕೋಶಗಳು ಹೊಸ ಸಂಪರ್ಕ ಕಟ್ಟಿಕೊಳ್ಳಲು, ಕಲಿಯಲು ಬೇಕೇಬೇಕು. ಪಾರ್ಶ್ವವಾಯುವಿನ ನಂತರ ಗಾಯದ ಸುತ್ತಲಿನ ಕೋಶಗಳು ಗಾಬಾ ಎಂಬ ರಾಸಾಯನಿಕದ ಪ್ರಭಾವದಿಂದ ಹೆಚ್ಚು ನಿಗ್ರಹಕ್ಕೊಳಗಾಗಿರುತ್ತವೆ. 2010ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನದಲ್ಲಿ ಈ ನಿಗ್ರಹವನ್ನು ಮೂರನೆಯ ದಿನದಿಂದ ಸಡಿಲಿಸಿದಾಗ ಚಲನೆ ಸುಧಾರಿಸಿತು, ಆರಂಭದಲ್ಲೇ ಸಡಿಲಿಸಿದಾಗ ಗಾಯವೇ ದೊಡ್ಡದಾಯಿತು. ಆದ್ದರಿಂದ ಆರಂಭದಿಂದ ಕೊನೆಯವರೆಗೆ ಒಂದೇ ಔಷಧ ಸಾಕೆಂಬ ಮಾತನ್ನು ನಾನು ಒಪ್ಪಲಾರೆ.

ಮಾತ್ರೆಯೊಂದರಿಂದಲೇ ಚೇತರಿಕೆ ಹೆಚ್ಚೀತೆಂಬ ಆಸೆಯೂ ಫಲಿಸಿಲ್ಲ. ಖಿನ್ನತೆಗೆ ಕೊಡುವ ಫ್ಲೂಆಕ್ಸಿಟೀನ್ 2011ರಲ್ಲಿ 118 ರೋಗಿಗಳಲ್ಲಿ ಚೆನ್ನಾಗಿ ಕಂಡಿತ್ತು. ನಂತರ 3,127 ರೋಗಿಗಳ ಪ್ರಯೋಗದಲ್ಲಿ ದೈನಂದಿನ ಸ್ವಾವಲಂಬನೆ ಹೆಚ್ಚಲಿಲ್ಲ, ಮೂಳೆ ಮುರಿತ ಮಾತ್ರ ಹೆಚ್ಚಿತು. ಇದಕ್ಕೆ ಹೋಲಿಸಿದರೆ ಕುತ್ತಿಗೆಯಲ್ಲಿರುವ ವೇಗಸ್ ನರದ ಪ್ರಚೋದನೆ ನನಗೆ ಹೆಚ್ಚು ಭರವಸೆ ಕೊಡುತ್ತದೆ. ಎದೆಯ ಚರ್ಮದಡಿ ಕೂರಿಸಿದ ಸಾಧನ, ರೋಗಿ ಕೈಯನ್ನು ಚಲಿಸುವ ಪ್ರತಿ ಪ್ರಯತ್ನದ ಹೊತ್ತಿಗೇ ನರಕ್ಕೆ ಚಿಕ್ಕ ವಿದ್ಯುತ್ ಸಂಕೇತ ಕಳಿಸುತ್ತದೆ. 2021ರ 108 ರೋಗಿಗಳ ಪ್ರಯೋಗದಲ್ಲಿ, ಪಾರ್ಶ್ವವಾಯುವಾಗಿ ಒಂಬತ್ತು ತಿಂಗಳಿಂದ ಹತ್ತು ವರ್ಷ ಕಳೆದವರಲ್ಲಿ ಗಣನೀಯ ಸುಧಾರಣೆ ಕಂಡವರು ಶೇ. 47, ಅದೇ ವ್ಯಾಯಾಮ ಮಾಡಿ ನಿಜವಾದ ಪ್ರಚೋದನೆ ಪಡೆಯದವರಲ್ಲಿ ಶೇ. 24. ಆ ವರ್ಷವೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಅನುಮತಿ ನೀಡಿತು. ಗಮನಿಸಿ: ವ್ಯಾಯಾಮ ಮಾತ್ರ ಮಾಡಿದವರಲ್ಲೂ ಸುಮಾರು ಕಾಲು ಭಾಗ ಜನ, ಅಷ್ಟು ತಡವಾಗಿಯೂ, ಸುಧಾರಿಸಿದ್ದರು.

ಸ್ಟೆಮ್ ಸೆಲ್ ವಿಷಯ. ರಕ್ತನಾಳದ ಮೂಲಕ ಕೊಟ್ಟ ಈ ಕೋಶಗಳಲ್ಲಿ ಬಹುಪಾಲು ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತವೆ. ಅವು ಸತ್ತ ನರಕೋಶಗಳ ಜಾಗಕ್ಕೆ ಹೋಗಿ ಹೊಸ ಮೆದುಳಾಗುವುದಿಲ್ಲ. ಅವು ಸ್ರವಿಸುವ ವಸ್ತುಗಳು ಉರಿಯೂತವನ್ನು ಹತೋಟಿಗೆ ತರಬಹುದೆಂಬುದಷ್ಟೇ ಈಗಿನ ನಿರೀಕ್ಷೆ. ರೋಗಿಯದೇ ಅಸ್ಥಿಮಜ್ಜೆಯ ಕೋಶಗಳನ್ನು ಬಳಸಿದ, 2014ರಲ್ಲಿ ಪ್ರಕಟವಾದ 120 ರೋಗಿಗಳ ಪ್ರಯೋಗದಲ್ಲಿ ಚಿಕಿತ್ಸೆ ಸುರಕ್ಷಿತವೆಂದು ಕಂಡಿತು, ಪ್ರಯೋಜನ ಕಾಣಲಿಲ್ಲ. ಸಂಶೋಧನೆ ಮುಂದುವರಿಯಲಿ ಎಂಬುದೇ ನನ್ನ ಬಯಕೆ. ಆದರೆ ಯಾರಾದರೂ ಇದನ್ನು ಹಣ ಪಡೆದು ಕೊಡುತ್ತೇವೆಂದರೆ, ಅದು ನೋಂದಾಯಿತ ಪ್ರಯೋಗವೇ, ಹೋಲಿಕೆಗೆ ಇನ್ನೊಂದು ಗುಂಪು ಇದೆಯೇ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆದು ನಿಮ್ಮ ನರರೋಗ ತಜ್ಞರಿಗೆ ತೋರಿಸಿ. ಅಲ್ಲಿಯವರೆಗೆ ಆ ಹಣವನ್ನು ಫಿಸಿಯೋಥೆರಪಿಗೆ ಖರ್ಚು ಮಾಡುವುದು ಲೇಸು.